ಅಂಚೆಯ ಚದುರಂಗ

ನಮ್ಮ ಊರಿನ ಹೆಸರನ್ನು ಇಟಕದಿಬ್ಬನಹಳ್ಳಿಯೆಂದು ಪೂರ್ತಿಯಾಗಿ ಬರೆಯುವವರು ಈಗ ಬಲು ವಿರಳ. ಬಸ್ಸಿನ ಹಲಗೆಯ ಮೇಲೂ ಕಚೇರಿಯ ಕಾಗದಗಳಲ್ಲಿಯೂ ಅದು ಐ.ಡಿ. ಹಳ್ಳಿಯೆಂದು ಮೊಟಕಾಗಿ ಬಹಳ ಕಾಲವಾಯಿತು. ಆದರೆ ಮೂವತ್ತು ವರ್ಷಗಳಿಗೂ ಮಿಕ್ಕು ಆ ಹೆಸರನ್ನು ಒಂದಕ್ಷರವನ್ನೂ ಬಿಡದೆ ಕಾರ್ಡಿನ ವಿಳಾಸದಲ್ಲಿ ದುಂಡಾಗಿ ಬರೆಯುತ್ತ ಬಂದವರು ಒಬ್ಬರಿದ್ದಾರೆ. ಅವರು ಕಾಸರಗೋಡು ಸೀಮೆಯ ಕುಂಬಳೆಯವರು. ಕನ್ನಡ ಶಾಲೆಯೊಂದರಲ್ಲಿ ಗಣಿತದ ಅಧ್ಯಾಪಕರಾಗಿದ್ದು ನನ್ನಂತೆಯೇ ನಿವೃತ್ತರಾದವರು. ಅವರಿಗೂ ನನಗೂ ನಡುವೆ ನಡೆದ ಚದುರಂಗದ ವಿಷಯವನ್ನೂ, ಅದರಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ವಾಚಕರಿಗೆ ಅರಿಕೆ ಮಾಡಿಕೊಳ್ಳಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಚದುರಂಗವೆಂದರೆ ಇಬ್ಬರು ಎದುರೆದುರಾಗಿ ಕುಳಿತು ಆಡತಕ್ಕ ಆಟವೆಂಬುದು ಸರ್ವವಿದಿತವಾದುದು. ಆದರೆ ಎದುರಾಳಿಯು ನೂರಾರು ಮೈಲಿಗಳ ದೂರದಲ್ಲಿದ್ದಾಗ ಇಬ್ಬರೂ ತಂತಮ್ಮ ಮನೆಯಲ್ಲಿ ಮಣೆಯನ್ನು ಹೂಡಿಕೊಂಡು, ಒಂದೊಂದು ನಡೆಯನ್ನೂ ಕಾಗದದಲ್ಲಿ ಬರೆದು ಕಳುಹಿಸಿ ಆಡುವ ಪದ್ಧತಿಯೂ ಹಳೆಯದೇ. ಲಂಡನ್ ಮತ್ತು ಎಡಿನ್‌ಬರೋ ನಗರಗಳು 1824ರಿಂದ 1828ರವರೆಗೆ ಹೀಗೆ ಆಡಿದುವು. ಅದೇ ಕಾಲಕ್ಕೆ ನಮ್ಮ ದೇಶದಲ್ಲಿಯೂ ಮದರಾಸಿನವರಿಗೂ ಹೈದರಾಬಾದಿನವರಿಗೂ ಎರಡು ಆಟಗಳು ನಡೆದು, ಮದರಾಸಿನ ಗುಲಾಮ್ ಕಾಸಿಂ ಎಂಬ ಆಟಗಾರರೂ ಕಾಕ್ರೇನ್ ಎಂಬ ಆಂಗ್ಲರೂ ಅವನ್ನು ವಿವರಿಸಿದ ಪುಸ್ತಕವು 1829ರಲ್ಲಿ ಮದರಾಸಿನಲ್ಲಿಯೇ ಅಚ್ಚಾಯಿತು. ಆಗ ರೈಲಿಲ್ಲ, ತಂತಿಯಿಲ್ಲ. ಓಟದಾಳು ಚೀಲವನ್ನು ಹೊತ್ತು ನಡೆದಷ್ಟೇ ವೇಗ. 1951ರಲ್ಲಿ ಈ ಆಟಕ್ಕೆಂದು ಐ.ಸಿ.ಸಿ.ಎಫ್. ಎಂಬ ಅಂತರರಾಷ್ಟ್ರೀಯ ಸಂಸ್ಥೆಯೊಂದು ಸ್ಥಾಪಿತವಾಯಿತು. ಅದರ ಧ್ಯೇಯವಾಕ್ಯವು ಲ್ಯಾಟಿನ್ ಭಾಷೆಯಲ್ಲಿದೆ. ನಮ್ಮ ಪಾಠಶಾಲೆಯ ಭಾಷೆಗೆ ತಿರುಗಿಸಿದರೆ "ಮಿತ್ರಾಣಿ ಸ್ಮಃ" ಎಂದಾಗುತ್ತದೆ. ನಾವು ಮಿತ್ರರು ಎಂದರ್ಥ. ಒಬ್ಬರನ್ನೊಬ್ಬರು ಸೋಲಿಸಲು ಕೂಡಿದವರು ಇಂಥ ಮಾತನ್ನು ಆರಿಸಿಕೊಂಡದ್ದು ನನಗೆ ಮೊದಲಿನಿಂದಲೂ ಮೆಚ್ಚಿಕೆ.

ನನಗೆ ಚದುರಂಗದ ಕುದುರೆಯ ಪರಿಚಯವಾದದ್ದು ಆಟದಿಂದಲ್ಲ, ಕಾವ್ಯದಿಂದ. ಮೈಸೂರಿನ ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಗುರುಗಳು ಚಿತ್ರಕಾವ್ಯದ ಪಾಠದಲ್ಲಿ ತುರಗಬಂಧವನ್ನು ತೋರಿಸಿದರು. ಎಂಟೆಂಟರಂತೆ ನಾಲ್ಕು ಸಾಲು ಮನೆಗಳಲ್ಲಿ ಶ್ಲೋಕದ ಮೂವತ್ತೆರಡು ಅಕ್ಷರಗಳನ್ನು ತುಂಬಿ, ಕುದುರೆಯ ನಡೆಯಂತೆ ನೆಗೆದು ನೆಗೆದು ಓದಿದರೆ ಪುನಃ ಶ್ಲೋಕವೇ ಆಗತಕ್ಕದ್ದು. ಒಂಬತ್ತನೆಯ ಶತಮಾನದ ರುದ್ರಟನ ಕಾವ್ಯಾಲಂಕಾರದಲ್ಲಿ ಇದು ಇದೆ; ವೇದಾಂತದೇಶಿಕರ ಪಾದುಕಾಸಹಸ್ರದಲ್ಲಿಯಾದರೋ ಒಂದು ಶ್ಲೋಕವನ್ನು ಹೀಗೆ ಓದಿದರೆ ಬೇರೊಂದು ಶ್ಲೋಕವೇ ಹೊರಡುತ್ತದೆ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರೂ ಅರವತ್ತನಾಲ್ಕು ಮನೆಗಳಲ್ಲಿ ಕುದುರೆಯನ್ನು ಓಡಿಸುವ ಬಂಧಗಳನ್ನು ರಚಿಸಿದವರು. ಶ್ರೀತತ್ತ್ವನಿಧಿಯ ಕೊನೆಯ ಭಾಗವಾದ ಕೌತುಕನಿಧಿಯು ಆಟಗಳಿಗೇ ಮೀಸಲಾದುದು. 1831ರಲ್ಲಿ ರಾಜ್ಯಭಾರವು ಕೈಬಿಟ್ಟುಹೋದ ದೊರೆಗೆ ಮಣೆಯ ಮೇಲಿನ ರಾಜ್ಯವಾದರೂ ಉಳಿಯಿತಲ್ಲ ಎಂದು ನಾನು ಆಗಾಗ್ಗೆ ನೆನೆಯುವುದುಂಟು. ಅಂತೂ ಈ ಕುದುರೆಯ ಹಿಂದೆ ಹೋಗಿ ನಾನು ಆಟವನ್ನು ಕಲಿತೆನು. ಆದ್ದರಿಂದಲೇ ಏನೋ, ನನ್ನ ಆಟದಲ್ಲಿ ಕುದುರೆಯು ಯಾವಾಗಲೂ ಮುಂದಕ್ಕೇ ನೆಗೆಯುತ್ತಿದ್ದಿತು. ಈ ಮಾತನ್ನು ವಾಚಕರು ಜ್ಞಾಪಕದಲ್ಲಿಟ್ಟುಕೊಳ್ಳಬೇಕು.

ಕುಂಬಳೆಯ ಮಿತ್ರರು ನನಗೆ ದೊರೆತದ್ದು 1988ರ ಬೇಸಗೆಯಲ್ಲಿ, ಮೈಸೂರಿನಲ್ಲಿ ನಡೆದ ಅಧ್ಯಾಪಕರ ಶಿಬಿರವೊಂದರಲ್ಲಿ. ರಾತ್ರಿಗಳಲ್ಲಿ ಆಡಿದ ನಾಲ್ಕು ಆಟಗಳಲ್ಲಿ ಮೂರನ್ನು ಅವರೇ ಗೆದ್ದರು. ಐದನೆಯದು ಮುಗಿಯುವುದರೊಳಗೆ ಶಿಬಿರವು ಮುಗಿಯಿತು. "ಉಳಿದದ್ದನ್ನು ಕಾಗದದಲ್ಲಿ ಆಡೋಣ, ಮಾಷ್ಟ್ರೇ" ಎಂದರು. ಅವರ ಸೀಮೆಯಲ್ಲಿ ಮಾಷ್ಟ್ರು, ನಮ್ಮ ಸೀಮೆಯಲ್ಲಿ ಮೇಷ್ಟ್ರು. ಇಂದಿಗೂ ಅವರು ನನ್ನನ್ನು ಹಾಗೆ, ನಾನು ಅವರನ್ನು ಹೀಗೆ ಕರೆಯುತ್ತೇವೆ. ಹದಿನೈದು ಪೈಸೆಯ ಕಾರ್ಡಿನಲ್ಲಿ ಅಂದು ಪ್ರಾರಂಭವಾದುದು ಇನ್ನೂ ನಿಂತಿಲ್ಲ.

ಅಂಚೆಯಾಟದಲ್ಲಿ ನಡೆಗಳನ್ನು ಭಾಷೆಯ ಹಂಗಿಲ್ಲದೆ ಅಂಕಿಗಳಲ್ಲಿ ಬರೆಯುವ ಸಂಪ್ರದಾಯವಿದೆ. ಉದ್ದಸಾಲುಗಳಿಗೆ ಎಡದಿಂದ ಒಂದರಿಂದ ಎಂಟು, ಅಡ್ಡಸಾಲುಗಳಿಗೆ ಕೆಳಗಿನಿಂದ ಒಂದರಿಂದ ಎಂಟು. ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನೂಕಿದರೆ 5254. ಮೊದಲೆರಡು ಅಂಕಿಗಳು ಬಿಟ್ಟ ಮನೆ, ಕೊನೆಯವೆರಡು ಸೇರಿದ ಮನೆ. ಇದನ್ನು ಕಂಡೊಡನೆ ನನಗೆ ಕಟಪಯಾದಿ ಸಂಖ್ಯಾಪದ್ಧತಿಯು ನೆನಪಾಯಿತು. ಭಕಾರಕ್ಕೆ ನಾಲ್ಕು, ಮಕಾರಕ್ಕೆ ಐದು, ರೇಫಕ್ಕೆ ಎರಡು. ಅಂಕಗಳನ್ನು ಬಲದಿಂದ ಎಡಕ್ಕೆ ಓದತಕ್ಕದ್ದು. ಆ ಲೆಕ್ಕದಲ್ಲಿ 5254 ಎಂಬುದು "ಭೀಮರಾಮ"ನಾಗುತ್ತದೆ. ಅದಕ್ಕೆ ಕರಿಯ ಕಡೆಯವರ ಸಾಮಾನ್ಯವಾದ ಉತ್ತರ 5755, ಅದು "ಶಮಸಮ". ಗಣಿತದ ಮೇಷ್ಟ್ರಿಗೆ ಈ ವಿನೋದವು ಬಹಳ ಹಿಡಿಸಿ, ಇಬ್ಬರೂ ನಡೆಗಳನ್ನು ಹೀಗೆಯೇ ಬರೆಯತೊಡಗಿದೆವು. ಪ್ರತಿಯೊಂದು ನಡೆಗೂ ಅರ್ಥವುಳ್ಳ ಪದವು ಸಿಕ್ಕುವುದಿಲ್ಲ. ಪದಕ್ಕಾಗಿ ನಡೆಯನ್ನೇ ಬದಲಾಯಿಸೋಣವೇ ಎಂಬ ದುರಾಸೆ ಒಂದೆರಡು ಸಲ ಬಂದುದೂ ಉಂಟು. ನಮ್ಮ ಊರಿನ ಅಂಚೆಯವನು ಒಂದು ದಿನ ಕಾರ್ಡನ್ನು ಕೈಗಿತ್ತು, ಸಂಕೋಚದಿಂದ ತಲೆ ಕೆರೆದುಕೊಳ್ಳುತ್ತ, "ಸ್ವಾಮಿ, ಈ ಭೀಮರಾಮ ಎನ್ನುವವರು ತಮಗೆ ಏನಾಗಬೇಕು?" ಎಂದು ಕೇಳಿದನು.

ಕಾರ್ಡು ಹೋಗಲು ಐದು ದಿನ, ಬರಲು ಐದು ದಿನ, ಆಲೋಚನೆಗೆ ಇಬ್ಬರಿಗೂ ಮೂರು ಮೂರು ದಿನ. ನಲವತ್ತು ನಡೆಗಳ ಆಟವೊಂದಕ್ಕೆ ಒಂದೂಮುಕ್ಕಾಲು ವರ್ಷ ಹಿಡಿಯುತ್ತಿದ್ದಿತು. ಬಹುಕಾಲ ಒಂದೇ ಕಾರ್ಡಿನಲ್ಲಿ ಎರಡು ಆಟಗಳನ್ನು ನಡೆಸುತ್ತಿದ್ದೆವು. ವಯಸ್ಸಾದ ಮೇಲೆ ಒಂದಕ್ಕಿಳಿಸಿದೆವು. 2021ರವರೆಗೆ ಮುಗಿದ ಆಟಗಳು ಮೂವತ್ತೆರಡು: ಅವರು ಹದಿಮೂರು, ನಾನು ಒಂಬತ್ತು, ಉಳಿದ ಹತ್ತು ಸಮ. ನಡೆಯ ಕೆಳಗೆ ಉಳಿಯುವ ಜಾಗದಲ್ಲಿ ಎರಡು ಮೂರು ಸಾಲು ಸಮಾಚಾರವಿರುತ್ತಿದ್ದಿತು. ಅವರ ಕಡೆ ಮಳೆ ಹಿಡಿದು ಅಡಕೆಗೆ ಕೊಳೆರೋಗ ಬಂದುದು, ನಮ್ಮ ಕಡೆ ಮಳೆಯಿಲ್ಲದೆ ಕಡಲೆಕಾಯಿ ಗಿಡದಲ್ಲಿಯೇ ಬಾಡಿದುದು. ಆಷಾಢದಲ್ಲಿ ಅವರ ಕಾರ್ಡುಗಳು ನೆನೆದು ಶಾಯಿ ಹರಡಿ ಬರುತ್ತಿದ್ದುವು; ನಮ್ಮ ಊರಿಗೆ ಬರುವ ಮಳೆಯಲ್ಲಿ ಅಷ್ಟು ಭಾಗವಾದರೂ ಕುಂಬಳೆಯಿಂದ ಬರುತ್ತದೆಂದು ನನ್ನ ಹೆಂಡತಿ ಹಾಸ್ಯ ಮಾಡುತ್ತಿದ್ದಳು. ಅವರ ಪತ್ನಿಯು ತೀರಿಕೊಂಡ ಸಂಗತಿಯು ನನಗೆ ತಿಳಿದದ್ದು ಇಪ್ಪತ್ತಮೂರನೆಯ ನಡೆಯ ಕೆಳಗೆ. ನಡೆಯನ್ನು ಮೇಲೆ ಬರೆದು, ಒಂದು ಗೆರೆ ಎಳೆದು, ಕೆಳಗೆ ಒಂದೇ ವಾಕ್ಯ. ಆ ಸ್ಥಿತಿಯಲ್ಲಿಯೂ ನಡೆಯನ್ನು ಬರೆದರಲ್ಲಾ ಎಂದು ಮೊದಲು ಆಶ್ಚರ್ಯವಾಯಿತು. ನಡೆಯನ್ನು ಬರೆಯದಿದ್ದರೆ ಉಳಿದುದನ್ನು ಬರೆಯಲಾರದೆ ಹೋಗುತ್ತಿದ್ದರೆಂದು ಆಮೇಲೆ ಹೊಳೆಯಿತು.

ಇನ್ನು ಯಂತ್ರದ ವಿಷಯ. 2021ರಲ್ಲಿ ಬೆಂಗಳೂರಿನ ನನ್ನ ಮಗ ಒಂದು ಲ್ಯಾಪ್‌ಟಾಪನ್ನು ತಂದುಕೊಟ್ಟು, ಅದರಲ್ಲಿ ಸ್ಟಾಕ್‌ಫಿಶ್ ಎಂಬ ಚದುರಂಗದ ಪ್ರೋಗ್ರಾಮನ್ನು ಅಳವಡಿಸಿದನು. ನಾರ್ವೆ ದೇಶದವರೊಬ್ಬರು ಬರೆದಿದ್ದ ಪ್ರೋಗ್ರಾಮೊಂದನ್ನು ಇಟಲಿಯವರೊಬ್ಬರು 2008ರಲ್ಲಿ ತಿದ್ದಿ ಬೆಳೆಸಿ ಇದನ್ನು ಹೊರತಂದರಂತೆ. ಯಾರು ಬೇಕಾದರೂ ಬೆಲೆಯಿಲ್ಲದೆ ಪಡೆಯಬಹುದು. ಆ ಹೆಸರಿಗೆ ಒಣಮೀನೆಂದು ಅರ್ಥ. ದೇವರಮನೆಯ ಪಕ್ಕದ ಕೋಣೆಯಲ್ಲಿ ಒಣಮೀನೇ ಎಂದು ಹೆಂಡತಿ ಮುಖ ಸಿಂಡರಿಸಿದಳು. ಮತ್ಸ್ಯಾವತಾರವೆಂದು ತಿಳಿದುಕೋ ಎಂದು ಸಮಾಧಾನ ಹೇಳಿದೆನು.

ಅವತಾರವೇ ಸರಿ. 1997ರಲ್ಲಿ ಡೀಪ್ ಬ್ಲೂ ಎಂಬ ಯಂತ್ರವು ಕಾಸ್ಪರೋವ್ ಎಂಬ ವಿಶ್ವವಿಜೇತನನ್ನು ಸೋಲಿಸಿದ ವರ್ತಮಾನವನ್ನು ಪತ್ರಿಕೆಯಲ್ಲಿ ಓದಿದ್ದೆನಾದರೂ, ಅದು ಕೋಣೆಯಷ್ಟು ದೊಡ್ಡದಾದ, ನಮಗೆ ಸಂಬಂಧಪಡದ ವಸ್ತುವೆಂದು ಸುಮ್ಮನಿದ್ದೆನು. ಈಗ ಅದಕ್ಕಿಂತ ಬಲವಾದುದು ಮೇಜಿನ ಮೇಲೆ ಕುಳಿತಿತು. ಕ್ಷಣಕ್ಕೆ ಹತ್ತು ಲಕ್ಷದಷ್ಟು ಸ್ಥಿತಿಗಳನ್ನು ನೋಡಿ, ಕಾಲಾಳಿನ ಬೆಲೆಯನ್ನು ಸುಮಾರಾಗಿ ಒಂದೆಂದಿಟ್ಟುಕೊಂಡು, ಯಾರಿಗೆ ಎಷ್ಟು ಮೇಲುಗೈಯೆಂಬುದನ್ನು ದಶಾಂಶದಲ್ಲಿ ಹೇಳುತ್ತದೆ. ರಾಜರನ್ನೂ ಸೇರಿಸಿ ಏಳೇ ಕಾಯಿಗಳು ಉಳಿದರೆ ಈ ಲೆಕ್ಕವೂ ಬೇಡ. ಅಂಥ ಸ್ಥಿತಿಗಳ ಫಲವೆಲ್ಲವನ್ನೂ ಮಾಸ್ಕೋ ವಿಶ್ವವಿದ್ಯಾಲಯದ ಗಣಕದಿಂದ 2012ರಲ್ಲಿ ಪೂರ್ಣವಾಗಿ ಗುಣಿಸಿ ಪಟ್ಟಿಮಾಡಿಟ್ಟಿದ್ದಾರೆ. ಅವುಗಳಲ್ಲೊಂದು ಐನೂರಕ್ಕೂ ಮಿಕ್ಕಿದ ನಡೆಗಳಾದ ಮೇಲೆ ಗೆಲುವನ್ನು ಕೊಡುತ್ತದಂತೆ. ನಮ್ಮ ಅಂಚೆಯ ವೇಗದಲ್ಲಿ ಅದಕ್ಕೆ ಇಪ್ಪತ್ತು ವರ್ಷಗಳಿಗೆ ಕಡಮೆಯಿಲ್ಲ.

ಮೊದಲು ನಾನು ಮಾಡಿದ್ದು ಹಳೆಯ ಆಟಗಳ ಪರೀಕ್ಷೆ. 1994ರಲ್ಲಿ ಆನೆಯನ್ನು ಬಲಿಕೊಟ್ಟು ಗೆದ್ದ ಆಟವೊಂದು ನನಗೆ ಬಹಳ ಪ್ರಿಯವಾದುದು. ಶಾಲೆಯಲ್ಲಿ ಆಟ ಕಲಿಯುವ ಮಕ್ಕಳಿಗೆಲ್ಲ ಅದನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದ್ದೆನು. ಯಂತ್ರವು ಕಣ್ಣೆವೆ ಇಕ್ಕುವುದರೊಳಗೆ ಅದನ್ನು ಮುರಿಯಿತು. ಎದುರಾಳಿಯು ಆನೆಯನ್ನು ಮುಟ್ಟದೆ ಅಂಚಿನ ಕಾಲಾಳನ್ನು ಒಂದು ಮನೆ ಮುಂದಿಟ್ಟಿದ್ದರೆ ನನ್ನ ವ್ಯೂಹವೆಲ್ಲ ಬಿದ್ದುಹೋಗುತ್ತಿದ್ದಿತು. ಇಪ್ಪತ್ತೇಳು ವರ್ಷ ಜೋಪಾನ ಮಾಡಿದ್ದ ಒಡವೆಯನ್ನು ಅಕ್ಕಸಾಲಿಗನು ಉಜ್ಜಿ ನೋಡಿ ಹಿತ್ತಾಳೆಯೆಂದಂತಾಯಿತು. ಇದನ್ನು ನಾನು ಕುಂಬಳೆಗೆ ಬರೆಯಲಿಲ್ಲ.

ಆ ವರ್ಷ ನಡೆಯುತ್ತಿದ್ದ ಮೂವತ್ತಮೂರನೆಯ ಆಟದಲ್ಲಿ ನನ್ನ ಸ್ಥಿತಿಯು ಕೆಟ್ಟಿದ್ದಿತು. ಒಂದು ರಾತ್ರಿ, ನೋಡುವುದಕ್ಕೇನು ದೋಷವೆಂದು, ಆ ಸ್ಥಿತಿಯನ್ನು ಯಂತ್ರದ ಮುಂದಿಟ್ಟೆನು. ಅದು ತೋರಿಸಿದ ನಡೆ 6371: ನಡುಮಣೆಗೆ ನೆಗೆಯಲು ಸಿದ್ಧವಾಗಿ ನಿಂತಿದ್ದ ನನ್ನ ಕುದುರೆಯು ಆಟದ ಆರಂಭದಲ್ಲಿ ತಾನು ಹೊರಟ ಮನೆಗೇ ಹಿಂದಿರುಗತಕ್ಕದ್ದು. ಇದೆಂಥ ನಡೆ ಎಂದುಕೊಂಡೆನು. ಅರ್ಧಗಂಟೆ ನೋಡಿದರೂ ಅದರ ಪ್ರಯೋಜನವು ತಿಳಿಯಲಿಲ್ಲ. ತಿಳಿಯದಿದ್ದರೂ ಬೆಳಗ್ಗೆ ಅದನ್ನು ಬರೆದು ಹಾಕಿದೆನು. ಕಟಪಯಾದಿಯಲ್ಲಿ ಅದಕ್ಕೆ "ಕಥಾಗೀತ" ಎಂಬ ಸೊಗಸಾದ ಪದವು ಸಿಕ್ಕಿದುದು ಕಳ್ಳನಿಗೆ ಬೆಳದಿಂಗಳು ಸಿಕ್ಕಿದಂತಾಯಿತು. ಕೈ ನನ್ನದು, ಅಕ್ಷರ ನನ್ನದು, ಪದವೂ ನನ್ನದು. ನಡೆ ಮಾತ್ರ ನನ್ನದಲ್ಲ. ಮುಂದಿನ ಎರಡು ನಡೆಗಳನ್ನೂ ಹಾಗೆಯೇ ಪಡೆದು ಕಳುಹಿಸಿದೆನು. ಆಟವು ಸುಧಾರಿಸಿತು.

ಆದರೆ ಅವರ ಕಾರ್ಡುಗಳು ಬದಲಾದುವು. ನಡೆ ಇರುತ್ತಿದ್ದಿತು; ಗೆರೆಯ ಕೆಳಗೆ ಏನೂ ಇರುತ್ತಿರಲಿಲ್ಲ. ಮೊದಲ ಸಲ ಅವಸರವಿರಬಹುದೆಂದುಕೊಂಡೆನು. ಎರಡನೆಯ ಸಲ ದೇಹಾಲಸ್ಯವಿರಬಹುದೆಂದು ಕಳವಳಪಟ್ಟೆನು. ಮೂರನೆಯ ಕಾರ್ಡೂ ಹಾಗೆಯೇ ಬಂದಾಗ ಆ ಬಿಳಿಯ ಜಾಗವನ್ನು ನೋಡಲು ನನಗೆ ಧೈರ್ಯ ಸಾಲಲಿಲ್ಲ. ಇನ್‌ಲ್ಯಾಂಡ್ ಕಾಗದವೊಂದನ್ನು ತರಿಸಿ, ನಡೆದುದನ್ನೆಲ್ಲ ಬರೆದು, ಆಟದಲ್ಲಿ ಸೋಲನ್ನೊಪ್ಪಿ, ಕ್ಷಮೆಯನ್ನು ಬೇಡಿದೆನು. ಇದು 2022ರ ಆಷಾಢದಲ್ಲಿ.

ಹನ್ನೆರಡು ದಿನಗಳಿಗೆ ಉತ್ತರ ಬಂದಿತು. ಅದರ ಸಾರಾಂಶವನ್ನು ಅವರ ಅನುಮತಿಯಿಂದಲೇ ಇಲ್ಲಿ ಬರೆಯುತ್ತೇನೆ. "ಮಾಷ್ಟ್ರೇ, ಕುದುರೆ ಮನೆಗೆ ಹೋದಾಗಲೇ ತಿಳಿಯಿತು. ಮೂವತ್ತು ವರ್ಷಗಳಲ್ಲಿ ನಿಮ್ಮ ಕುದುರೆ ಹಿಂದೆ ಸರಿದದ್ದನ್ನು ನಾನು ಕಂಡಿಲ್ಲ. ನಿಮ್ಮ ಜಾಗದಲ್ಲಿ ಬೇರೆ ಯಾರೋ ಬಂದು ಕುಳಿತಿದ್ದಾರೆಂದುಕೊಂಡೆ. ಪರಿಚಯವಿಲ್ಲದವರಿಗೆ ಮನೆಯ ಸುದ್ದಿ ಬರೆಯುವುದು ಹೇಗೆ? ಆದ್ದರಿಂದ ಬರೆಯಲಿಲ್ಲ." ಅದರ ಕೆಳಗೆ ಮೂರು ಕಾರ್ಡುಗಳಲ್ಲಿ ಬಾರದೆ ಇದ್ದ ಸಮಾಚಾರವೆಲ್ಲ ಒಟ್ಟಿಗೆ ಇದ್ದಿತು. ಮೊಮ್ಮಗಳು ಹುಟ್ಟಿದ್ದಳು.

ಆಮೇಲೆ ನಮ್ಮಿಬ್ಬರಿಗೂ ಈ ವಿಷಯದಲ್ಲಿ ವಾದವೇ ನಡೆಯಿತು. ಬಳಸಿದುದು ತಪ್ಪಲ್ಲ, ಮುಚ್ಚಿಟ್ಟುದೇ ತಪ್ಪು ಎಂಬುದು ಅವರ ಪಕ್ಷ. ಕೆಲವು ಸಂಸ್ಥೆಗಳು ಗ್ರಂಥಗಳನ್ನು ಮಾತ್ರ ಒಪ್ಪಿ ಯಂತ್ರವನ್ನು ನಿಷೇಧಿಸಿವೆಯಾದರೂ, ನಾನು ಮೊದಲು ಹೇಳಿದ ಅಂತರರಾಷ್ಟ್ರೀಯ ಸಂಸ್ಥೆಯು ಅದನ್ನು ಬಹಿರಂಗವಾಗಿಯೇ ಒಪ್ಪಿದೆ. ಮನೆಯೊಳಗೆ ಕುಳಿತು ಆಡುವವನನ್ನು ಕಾಯುವವರು ಯಾರು? ತಡೆಯಲಾಗದುದನ್ನು ನಿಷೇಧಿಸಿದರೆ ಪ್ರಾಮಾಣಿಕನೊಬ್ಬನೇ ದಂಡ ತೆರುತ್ತಾನೆ. ಮತ್ತು ಹ್ಯಾನ್ಸ್ ಬರ್ಲಿನರ್ ಎಂಬವರ ನಿದರ್ಶನವನ್ನೂ ಕೊಟ್ಟರು. 1965ರಲ್ಲಿ ತೊಡಗಿ 1968ರಲ್ಲಿ ಮುಗಿದ ಐದನೆಯ ವಿಶ್ವಸ್ಪರ್ಧೆಯನ್ನು ಗೆದ್ದ ಈ ಅಂಚೆಯಾಟದ ವೀರರು, ಆಮೇಲೆ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಗಣಕಶಾಸ್ತ್ರಜ್ಞರಾಗಿ ಚದುರಂಗವನ್ನಾಡುವ ಯಂತ್ರವನ್ನು ತಾವೇ ಕಟ್ಟಿಸಿದರು. ಕಾರ್ಡು ಬರೆದು ಗೆದ್ದವರೇ ಯಂತ್ರವನ್ನು ಕಟ್ಟಿದ ಮೇಲೆ ನಮ್ಮದೇನು ಮಡಿ ಎಂದು ಅವರ ಪ್ರಶ್ನೆ.

ಪರೀಕ್ಷೆಯಾಗಿಬಿಡಲೆಂದು ಇಬ್ಬರೂ ಯಂತ್ರವನ್ನು ಬಹಿರಂಗವಾಗಿ ಬಳಸಿ ಒಂದು ಆಟವನ್ನು ಆಡಿದೆವು. ಮೂವತ್ತೊಂದು ನಡೆಗಳಲ್ಲಿ ಅದು ಸಮವಾಯಿತು. ವಿಶ್ವಸ್ಪರ್ಧೆಗಳ ಅಂತಿಮ ಸುತ್ತುಗಳಲ್ಲಿಯೂ ಈಗ ಆಟಗಳಲ್ಲಿ ಬಹುಪಾಲು ಸಮವಾಗಿಯೇ ಮುಗಿಯುತ್ತವೆ. ಅಲ್ಲಿನ ಪ್ರವೀಣರು ಯಂತ್ರವನ್ನು ದಿನಗಟ್ಟಲೆ ಓಡಿಸಿ, ಅದು ಉದಾಸೀನ ಮಾಡಿದ ದಾರಿಗಳನ್ನು ತಾವು ಹುಡುಕಿ ಅದಕ್ಕೇ ತೋರಿಸಿ, ಎಲ್ಲಿಯೋ ಕೂದಲೆಳೆಯಷ್ಟು ಅಂತರವನ್ನು ಸಾಧಿಸುತ್ತಾರಂತೆ. ಅದೂ ಒಂದು ತಪಸ್ಸೆಂದೇ ಒಪ್ಪುತ್ತೇನೆ. ನಮ್ಮಿಬ್ಬರಿಗೆ ಅಷ್ಟು ಯೋಗ್ಯತೆಯಿಲ್ಲ. ನಮ್ಮ ಆಟವು ಮುಗಿದಾಗ ಅದರ ಯಾವ ನಡೆಯೂ ನಮಗೆ ನೆನಪಿರಲಿಲ್ಲ. ಸಮಾಚಾರದ ಸಾಲುಗಳು ಮಾತ್ರ ನೆನಪಿದ್ದುವು.

ನನ್ನ ಪಕ್ಷವನ್ನು ನಾನು ಓದಿದ ಶಾಸ್ತ್ರದಿಂದಲೇ ಹೇಳಿದೆನು. ಮಧುಗಿರಿಯ ಬೆಟ್ಟದ ಮೇಲೆ ಬೆಂಕಿಯಿದೆಯೆಂದರೆ ಅದು ಪ್ರತಿಜ್ಞೆ. ಹೊಗೆ ಕಾಣುವುದರಿಂದ ಎಂದರೆ ಅದು ಹೇತು. ನೈಯಾಯಿಕರು ವಾಕ್ಯಕ್ಕೆ ಐದು ಅವಯವಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಹೇತುವಿಲ್ಲದಿದ್ದರೆ ಉಳಿದ ನಾಲ್ಕೂ ವ್ಯರ್ಥ. ಯಂತ್ರವು ಪ್ರತಿಜ್ಞೆಯನ್ನು ಮಾತ್ರ ಕೊಡುತ್ತದೆ: ಕುದುರೆಯು ಹಿಂದಕ್ಕೆ ಹೋಗಲಿ, ಮೇಲುಗೈ ಇಷ್ಟು ದಶಾಂಶ. ಏಕೆಂದು ಕೇಳಿದರೆ ಇಪ್ಪತ್ತು ನಡೆಗಳ ಸಾಲೊಂದನ್ನು ಮುಂದಿಡುತ್ತದೆ. ಅದು ಉದಾಹರಣೆಯೇ ಹೊರತು ಹೇತುವಲ್ಲ. ಗ್ರಂಥವನ್ನು ನೋಡಿ ಆಡಿದರೆ ಗ್ರಂಥಕಾರನು ಕಾರಣವನ್ನು ಹೇಳಿರುತ್ತಾನೆ, ಒಪ್ಪಬಹುದು, ಬಿಡಬಹುದು. ಇದಕ್ಕೆ ಮೇಷ್ಟ್ರ ಉತ್ತರ ಹೀಗೆ: "ಲಘುಗಣಕದ ಕೋಷ್ಟಕವೂ ಹೇತುವನ್ನು ಹೇಳುವುದಿಲ್ಲ, ಆದರೂ ಮಕ್ಕಳ ಕೈಗೆ ಕೊಟ್ಟಿಲ್ಲವೇ?" ಕೊಟ್ಟಿದ್ದೆವು, ನಿಜ. ಆದರೆ ಲಘುಗಣಕದ ಕೋಷ್ಟಕವನ್ನು ನೋಡಿ ಯಾರೂ ಮಿತ್ರನಿಗೆ ಕಾಗದ ಬರೆಯುವುದಿಲ್ಲವಲ್ಲ ಎಂದು ನಾನು ಮರುತ್ತರ ಕೊಟ್ಟೆನು. ವಾದವು ಅಲ್ಲಿಗೇ ನಿಂತಿದೆ, ಯಾರೂ ಸೋತಿಲ್ಲ. ಆದರೂ ಇಬ್ಬರಿಗೂ ಒಪ್ಪಿಗೆಯಾದ ನಿಯಮವೊಂದನ್ನು ಮಾಡಿಕೊಂಡಿದ್ದೇವೆ. ಆಟ ನಡೆಯುವಾಗ ಯಂತ್ರವು ಮುಚ್ಚಿರತಕ್ಕದ್ದು. ಮುಗಿದ ಮೇಲೆ ತೆರೆದು ನೋಡಬಹುದು, ನಗಬಹುದು.

ಆ ಧೈರ್ಯದ ಮೇಲೆ 1994ರ ಆನೆಯ ಸಂಗತಿಯನ್ನೂ ಬರೆದುಬಿಟ್ಟೆನು. ಆ ಗೆಲುವು ನ್ಯಾಯವಾದುದಲ್ಲ, ಅಂಚಿನ ಕಾಲಾಳನ್ನು ಒಂದು ಮನೆ ನೂಕಿದ್ದರೆ ನೀವೇ ಗೆಲ್ಲುತ್ತಿದ್ದಿರಿ ಎಂದು. ಅವರ ಕಾರ್ಡು ಬಂದಿತು. ಆ ಕಾಲಾಳನ್ನು ಅವರು ಅಂದೇ ಕಂಡಿದ್ದರಂತೆ: ಆನೆಯನ್ನು ಕಡಿದ ನಡೆಯನ್ನು ಬರೆದು, ಕಾರ್ಡನ್ನು ಅಂಚೆಯ ಡಬ್ಬಿಗೆ ಹಾಕಿ, ಮನೆಗೆ ಹಿಂದಿರುಗುತ್ತಿದ್ದ ದಾರಿಯಲ್ಲಿ. ಡಬ್ಬಿಗೆ ಬಿದ್ದ ನಡೆಯನ್ನು ಹಿಂದಕ್ಕೆ ಪಡೆಯುವ ಪದ್ಧತಿಯಿಲ್ಲ. ಇಷ್ಟು ವರ್ಷ ಏಕೆ ಹೇಳಲಿಲ್ಲವೆಂಬುದಕ್ಕೆ ಅವರು ಬರೆದುದು ಇಷ್ಟೇ: "ಮಕ್ಕಳಿಗೆ ಹಲಗೆಯ ಮೇಲೆ ತೋರಿಸುತ್ತಿದ್ದೇನೆಂದು ಬರೆದಿದ್ದಿರಿ."

ಈಗ ನಡೆಯುತ್ತಿರುವ ಆಟದಲ್ಲಿ ಇಪ್ಪತ್ತೊಂಬತ್ತನೆಯ ನಡೆ ನನ್ನದು. ನಾಲ್ಕು ದಿನಗಳಿಂದ ಮಣೆಯ ಮುಂದೆ ಕುಳಿತಿದ್ದೇನೆ. ಲ್ಯಾಪ್‌ಟಾಪು ಬೀರುವಿನಲ್ಲಿದೆ, ಬೀಗದ ಕೈ ಹೆಂಡತಿಯ ಸೆರಗಿನಲ್ಲಿದೆ. ಎಷ್ಟು ವಿಧವಾಗಿ ನೋಡಿದರೂ ನನ್ನ ಕುದುರೆಯು ಎರಡು ಹೆಜ್ಜೆ ಹಿಂದೆ ಸರಿದು, ಮಂತ್ರಿಯ ದಾರಿಯನ್ನು ತೆರವು ಮಾಡುವುದೇ ಸರಿಯೆಂದು ತೋರುತ್ತದೆ. ಈ ಸಲ ಹೇತುವೂ ನನಗೆ ತಿಳಿದಿದೆ. ಆದರೆ ಆ ನಡೆಯನ್ನು ಬರೆದರೆ ಕುಂಬಳೆಯಲ್ಲಿ ಅವರು ಏನೆಂದುಕೊಳ್ಳುವರೋ! ನಡೆಯ ಪಕ್ಕದಲ್ಲಿ ಹೇತುವನ್ನೂ ಬರೆದುಬಿಟ್ಟರೆ ನನ್ನ ಗುಟ್ಟನ್ನು ಎದುರಾಳಿಗೆ ಕೊಟ್ಟಂತಾಗುತ್ತದೆ. ಬರೆಯದಿದ್ದರೆ ಮತ್ತೆ ಗೆರೆಯ ಕೆಳಗಿನ ಜಾಗವು ಬಿಳಿಯಾದೀತೆಂಬ ಭಯ. ಬರೆಯುವುದೆಂದೇ ನಿಶ್ಚಯಿಸಿದ್ದೇನೆ. ಕಾರ್ಡು ನಾಳೆ ಹೊರಡುತ್ತದೆ.